ಸೌದೆ ಇಳಿಯಲಿಲ್ಲ

ಕಾರ್ಖಾನೆಯಲ್ಲಿ ಇದ್ದಷ್ಟು ಕಾಲವೂ ನನ್ನದು ಇನ್‌ಸ್ಪೆಕ್ಷನ್ ವಿಭಾಗ. ಬೇರೆಯವರ ತಪ್ಪನ್ನು ಮೈಕ್ರೋಮೀಟರ್ ಹಿಡಿದು ಹುಡುಕುವುದಕ್ಕೆ ಸಂಬಳ ತೆಗೆದುಕೊಂಡವನು. ಲೇತ್ ಮೇಲೆ ಒಬ್ಬ ಬೆವರು ಸುರಿಸಿ ಕಡೆದು ತಂದ ಶಾಫ್ಟನ್ನು ಅರ್ಧ ನಿಮಿಷ ತಿರುಗಿಸಿ ನೋಡುವುದು, ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಇಡುವುದು. ಕ್ಯಾಂಟೀನಿನಲ್ಲಿ ನನ್ನ ಪಕ್ಕದ ಕುರ್ಚಿ ಯಾವಾಗಲೂ ಖಾಲಿ ಇರುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಒಬ್ಬ ಹಿರಿಯ ಟರ್ನರ್ ಅಂತೂ ಮುಖದ ಮೇಲೇ ಹೇಳಿದ್ದರು, "ನೀವೊಂದು ಸಾಮಾನು ಮಾಡಿ ತೋರಿಸಿ ಸ್ವಾಮಿ, ಆಮೇಲೆ ಮಾತಾಡಣ."

ಅದು ಒಳಗೆಲ್ಲೋ ಚುಚ್ಚಿಕೊಂಡೇ ಇತ್ತು ಅಂತ ಕಾಣುತ್ತದೆ. ನಿವೃತ್ತಿಯಾದ ಮೇಲೆ ಬಸವೇಶ್ವರನಗರದ ಮನೆಯಲ್ಲಿ ಪೇಪರು ಓದಿ, ತರಕಾರಿ ತಂದು, ಮತ್ತೆ ಪೇಪರು ಓದುವ ದಿನಗಳಲ್ಲಿ ಒಂದು ದಿನ ಮೈಸೂರು ರಸ್ತೆಯ ಗುಜರಿಯೊಂದರಲ್ಲಿ ಆ ಎಂಜಿನ್ನು ಕಣ್ಣಿಗೆ ಬಿತ್ತು. ಮಾಗಡಿ ಕಡೆಯ ಯಾವುದೋ ಹಿಟ್ಟಿನ ಮಿಲ್ಲಿನಿಂದ ಬಂದದ್ದು. ಲಿಸ್ಟರ್ ಮಾದರಿ, ರಾಜಕೋಟೆಯಲ್ಲಿ ಎರಕ ಹೊಯ್ದದ್ದು, ಒಂದೇ ಸಿಲಿಂಡರು, ಆರು ಕುದುರೆ ಶಕ್ತಿ, ಎರಡೂ ಬದಿಗೆ ಭಾರೀ ಗಾಲಿ. ಮೂಲ ಲಿಸ್ಟರ್ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನದು. ಅಲ್ಲಿ ಅದನ್ನು ಮಾಡುವುದು ಬಿಟ್ಟಮೇಲೂ ರಾಜಕೋಟೆಯವರು ಬಿಡಲಿಲ್ಲ. ನಿಮಿಷಕ್ಕೆ 650 ಸುತ್ತು, ಅಷ್ಟೇ. ಈಗಿನ ಎಂಜಿನ್ನುಗಳ ಹಾಗೆ ಕಿರುಚುವುದಿಲ್ಲ, ಒಂದೊಂದು ಏಟನ್ನೂ ಎಣಿಸಬಹುದು. ಸಣ್ಣವನಿದ್ದಾಗ ಹಿಟ್ಟು ಬೀಸಿಸಲು ಹೋದಾಗಲೆಲ್ಲ ಕೇಳಿದ ಸದ್ದು ಅದು. ಗುಜರಿಯವನು ತೂಕದ ಲೆಕ್ಕದಲ್ಲಿ ಕೊಟ್ಟ. ನಾನು ಚೌಕಾಸಿ ಕೂಡ ಮಾಡಲಿಲ್ಲ. ಹೆಂಡತಿಗೆ ಹೇಳಿದ ಬೆಲೆ ಬೇರೆ.

ಕಾಮಾಕ್ಷಿಪಾಳ್ಯದ ಒಳರಸ್ತೆಯಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದೆ. ಒಂದು ಪಕ್ಕ ಪವರ್ ಪ್ರೆಸ್ಸು, ಇನ್ನೊಂದು ಪಕ್ಕ ಅಗರಬತ್ತಿ ಪ್ಯಾಕ್ ಮಾಡುವ ಮನೆ, ಎದುರಿಗೆ ಲೇತ್ ಅಂಗಡಿ. ಐಟಿಐ ಓದುತ್ತಿದ್ದ ಒಬ್ಬ ಹುಡುಗ ಸಂಜೆ ಹೊತ್ತು ಸಹಾಯಕ್ಕೆ ಬರುತ್ತಿದ್ದ. ಪಿಸ್ಟನ್ನು ಲೈನರಿಗೆ ಕಚ್ಚಿಕೊಂಡು ಕೂತಿತ್ತು. ಡೀಸೆಲ್ಲು, ಸೀಮೆಎಣ್ಣೆ ಸುರಿದು ನೆನೆಸಿ, ಮರದ ತುಂಡು ಇಟ್ಟು ತಟ್ಟಿ, ಮತ್ತೆ ನೆನೆಸಿ, ಅದು ಕೂದಲೆಳೆಯಷ್ಟು ಅಲುಗಿದ ದಿನ ಎದುರಂಗಡಿಯಿಂದ ಎಲ್ಲರಿಗೂ ಕಾಫಿ ತರಿಸಿದೆ. ಲೈನರ್ ಹೋನಿಂಗ್ ಮಾಡಿಸಿದೆ, ಹೊಸ ರಿಂಗು ಹಾಕಿದೆ, ಬೇರಿಂಗನ್ನು ನೀಲಿ ಹಚ್ಚಿ ಕೆರೆದು ಕೂರಿಸಿದೆ, ವಾಲ್ವುಗಳನ್ನು ಪೇಸ್ಟು ಹಾಕಿ ಅಂಗೈಯಲ್ಲಿ ಉಜ್ಜಿ ಉಜ್ಜಿ ಸೀಮೆಎಣ್ಣೆಯ ಒಂದು ಹನಿಯೂ ಇಳಿಯದ ಹಾಗೆ ಮಾಡಿದೆ. ಎಲ್ಲಕ್ಕಿಂತ ಹೆಚ್ಚು ಒದ್ದಾಡಿದ್ದು ಗವರ್ನರ್ ಜೊತೆ. ಲೋಡು ಹಾಕಿದರೂ ತೆಗೆದರೂ ವೇಗ ಒಂದಿಷ್ಟೂ ಏರುಪೇರಾಗಬಾರದು ಅಂತ ನನ್ನ ಹಟ. ಸ್ಪ್ರಿಂಗ್ ಬದಲಾಯಿಸಿ, ಪಿನ್ನುಗಳನ್ನು ಹೊಸದಾಗಿ ಕಡೆಸಿ, ಕೊನೆಗೂ ಸಾಧಿಸಿದೆ. ಈ ಗವರ್ನರ್ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಬ್ಬ ಮರ್ಯಾದಸ್ತ ನಿವೃತ್ತನ ಹವ್ಯಾಸ ಅಂತ ಆಗುತ್ತಿತ್ತು. ಆದರೆ ನನಗೆ ಅದನ್ನು ಸೌದೆ ಗ್ಯಾಸಿನಲ್ಲಿ ಓಡಿಸಬೇಕಿತ್ತು.

ಈ ಹುಚ್ಚಿನ ಬೀಜ ಹಳೆಯದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಅದೇ ಸಂಸ್ಥೆಯಲ್ಲಿ ರಾಕೆಟ್ಟಿನ ದಹನ ಓದಿಕೊಂಡಿದ್ದ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ಬಳಗ ಸೌದೆಯ ಒಲೆಗೂ ಗ್ಯಾಸಿಫೈಯರಿಗೂ ಕೈಹಾಕಿದರು. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಒಂದು ಪುಟ್ಟ ಸ್ಥಾವರ ಶುರುವಾಯಿತು. ಸೌದೆಯಿಂದ ಗ್ಯಾಸು, ಗ್ಯಾಸಿನಿಂದ ಡೀಸೆಲ್ ಎಂಜಿನ್ನು, ಎಂಜಿನ್ನಿನಿಂದ ಮನೆಗಳಿಗೆ ದೀಪ, ಆಮೇಲೆ ಕುಡಿಯುವ ನೀರು, ಹಿಟ್ಟಿನ ಗಿರಣಿ. ಸೌದೆಗೆಂದೇ ಅಲ್ಲಿ ಮರ ಬೆಳೆಸಿದ್ದರು. ಕೆಲಸದಲ್ಲಿದ್ದಾಗ ಒಂದು ಭಾನುವಾರ ಸ್ಕೂಟರಿನಲ್ಲಿ ಹೋಗಿ ನೋಡಿ ಬಂದಿದ್ದೆ. ಆಗ ತೆಗೆದ ಫೋಟೋಗಳು ಈಗಲೂ ಇವೆ. ಎಲ್ಲದರಲ್ಲೂ ಎಂಜಿನ್ನು. ಒಂದರ ಮೂಲೆಯಲ್ಲಿ ಮಾತ್ರ ಅಚ್ಚುಕಟ್ಟಾಗಿ ತುಂಡು ಮಾಡಿ ಒಣಗಿಸಿದ ಸೌದೆಯ ರಾಶಿ ಅರ್ಧ ಕಾಣುತ್ತದೆ, ಅದೂ ಫೋಕಸ್ ಇಲ್ಲದೆ.

ನಮ್ಮ ಸೋದರತ್ತೆಗೆ ಈ ಯೋಜನೆ ಹೇಳಿದಾಗ ಅವರು ನಕ್ಕರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸೀಮೆಯ ಬಸ್ಸುಗಳೆಲ್ಲ ಹಿಂದೆ ಒಂದು ಉದ್ದನೆಯ ಒಲೆ ಕಟ್ಟಿಕೊಂಡು ಇದ್ದಿಲಿನಲ್ಲಿ ಓಡಿದ ಕಾಲ ಅವರದು. "ಡ್ರೈವರ್ ಮಹಾರಾಜನ ಹಂಗೆ ಕೂತಿರೋನು ಕಣೋ. ಕ್ಲೀನರ್ ಹುಡುಗ ಬೆಳಗಿನ ಜಾವ ಎದ್ದು ತಿದಿ ತಿರುಗಿಸೀ ತಿರುಗಿಸೀ ಅವನ ರಟ್ಟೆ ಬಿದ್ದು ಹೋಗೋದು. ದಿಬ್ಬ ಬಂದ್ರೆ ನಾವೆಲ್ಲ ಇಳೀಬೇಕು. ಮೈಯೆಲ್ಲ ಮಸಿ. ನಿನಗೆ ಯಾಕೋ ಅದು?" ನಾನು ಅವರಿಗೆ ವಿವರಿಸಿದೆ. ಯೂರೋಪಿನಲ್ಲಿ ಜಾರ್ಜ್ ಇಂಬೆರ್ ಎಂಬಾತ 1920ರ ದಶಕದಲ್ಲೇ ಸೌದೆಯ ಗ್ಯಾಸಿಫೈಯರ್ ಮಾಡಿದ್ದು, ಯುದ್ಧಕಾಲದಲ್ಲಿ ಜರ್ಮನಿಯೊಂದರಲ್ಲೇ ಲಕ್ಷಗಟ್ಟಲೆ ಗಾಡಿಗಳು ಹಾಗೆ ಓಡಿದ್ದು, ಎಲ್ಲ. ಅವರು ಕೇಳಿಸಿಕೊಂಡು, "ಆ ಕ್ಲೀನರ್ ಕೆಲಸ ಮಾಡೋರು ಯಾರು, ನೀನಾ?" ಅಂದರು. ಆಗ ಅದು ಮುದುಕಿಯ ಮಾತು ಅನ್ನಿಸಿತು.

ತತ್ತ್ವ ಸರಳ. ಸೌದೆಯನ್ನು ಪೂರ್ತಿ ಉರಿಯಲು ಬಿಡದೆ ಗಾಳಿ ಕಡಿಮೆ ಕೊಟ್ಟರೆ ಉರಿಯಬಲ್ಲ ಗ್ಯಾಸು ಹೊರಡುತ್ತದೆ. ಜೊತೆಗೆ ಟಾರೂ ಹೊರಡುತ್ತದೆ. ಆ ಗ್ಯಾಸನ್ನು ಕೆಳಮುಖವಾಗಿ, ನಿಗಿನಿಗಿ ಕೆಂಡದ ಹಾಸಿನ ಮೂಲಕ ಎಳೆದರೆ ಸಾವಿರ ಡಿಗ್ರಿಯ ಬಿಸಿಯಲ್ಲಿ ಟಾರು ಒಡೆದು ಅದೂ ಗ್ಯಾಸಾಗುತ್ತದೆ. ಸೌದೆ ಹಸಿಯಾಗಿದ್ದರೆ ಕೆಂಡ ತಣ್ಣಗಾಗುತ್ತದೆ, ಟಾರು ಒಡೆಯುವುದಿಲ್ಲ, ಪೈಪಿನಲ್ಲೂ ವಾಲ್ವಿನಲ್ಲೂ ಕೂತುಬಿಡುತ್ತದೆ. ಇದೆಲ್ಲ ನನಗೆ ಬಾಯಿಪಾಠ. ವಿಜ್ಞಾನ ಸಂಸ್ಥೆಯವರ ಮಾದರಿಯಲ್ಲೇ ಮೇಲ್ಗಡೆ ಬಾಯಿ ತೆರೆದಿರುವ ಗ್ಯಾಸಿಫೈಯರನ್ನು ನನಗೆ ತಿಳಿದಂತೆ ಬೆಸೆಸಿದೆ. ಬೂದಿ ಇಳಿಯಲು ಸೈಕ್ಲೋನು, ಗ್ಯಾಸು ಆರಲು ಪೈಪು, ಒಂದು ಡ್ರಮ್ಮಿನ ತುಂಬ ಮರದ ಹೊಟ್ಟು ತುಂಬಿದ ಫಿಲ್ಟರು. ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ: ಕಾರ್ಬನ್ ಮಾನಾಕ್ಸೈಡ್ ಸುಮಾರು 20, ಜಲಜನಕ ಸುಮಾರು 18, ಮೀಥೇನ್ 2, ಉಳಿದದ್ದು ಉರಿಯದ ಸಾರಜನಕ ಮತ್ತು ಇಂಗಾಲದ ಡೈ ಆಕ್ಸೈಡ್. ಮೊದಲ ಮೂರಕ್ಕೆ ಆವರಣ ಹಾಕಿ ಪಕ್ಕದಲ್ಲಿ 'ಲಾಭ' ಅಂತ ಬರೆದೆ.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಬರೀ ಗ್ಯಾಸು ಕೊಟ್ಟರೆ ಹತ್ತಿಕೊಳ್ಳುವುದಿಲ್ಲ, ಕಿಡಿಯ ಬದಲಿಗೆ ಚೂರು ಡೀಸೆಲ್ ಬೇಕೇ ಬೇಕು. ಗಾಳಿ ಎಳೆಯುವ ದಾರಿಯಲ್ಲಿ ಗ್ಯಾಸು ಬಿಟ್ಟರೆ ಎಂಜಿನ್ನು ಅದನ್ನೂ ಎಳೆದುಕೊಂಡು ಉರಿಸುತ್ತದೆ. ವೇಗ ಹೆಚ್ಚಾಗಲು ಹೊರಟಿತು ಅನ್ನುವಾಗ ಗವರ್ನರ್ ತಾನಾಗಿ ಡೀಸೆಲ್ಲನ್ನು ಕಡಿಮೆ ಮಾಡುತ್ತದೆ. ಎಲ್ಲ ಸರಿಯಿದ್ದರೆ ಡೀಸೆಲ್ಲಿನಲ್ಲಿ ನೂರಕ್ಕೆ ಎಂಬತ್ತರಷ್ಟು ಉಳಿಸಬಹುದು. ನನ್ನ ಬಾಯಲ್ಲಿ ಈ ಎಂಬತ್ತು ಎಷ್ಟು ಸಲ ಬಂತೋ. ವಾಕಿಂಗ್ ಗೆಳೆಯರು ನಾನು ಬರುವುದನ್ನು ಕಂಡರೆ ಪಾರ್ಕಿನ ಇನ್ನೊಂದು ಗೇಟಿನಿಂದ ಹೊರಡುವಷ್ಟು.

ಆಯುಧಪೂಜೆಗೆ ಪ್ರದರ್ಶನ ಇಟ್ಟುಕೊಂಡೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಸಂಜೆಯಾದರೆ ಮಳೆ. ಟಿಂಬರ್ ಯಾರ್ಡ್ ಲೇಔಟಿನ ಸಾಮಿಲ್ಲಿನಿಂದ ಚೀಲಗಟ್ಟಲೆ ತುಂಡು ಸೌದೆ ತರಿಸಿದ್ದೆ. ಹಿಂದಿನ ದಿನ ಹುಡುಗ ಒಂದು ತುಂಡನ್ನು ಇನ್ನೊಂದಕ್ಕೆ ಬಡಿದು ನೋಡಿ, "ಸಾರ್, ಹಸಿ ಇದೆ ಅನ್ಸುತ್ತೆ, ಸೌಂಡೇ ಬರ್ತಿಲ್ಲ" ಅಂದ. ನಾನು ಆ ಹೊತ್ತಿಗೆ ಎಂಜಿನ್ನಿಗೆ ಎರಡನೇ ಕೋಟು ಹಸಿರು ಬಣ್ಣ ಹೊಡೆಯುತ್ತಿದ್ದೆ. "ಒಳಗೆ ಬಿಸಿಗೆ ಒಣಗುತ್ತೆ ಬಿಡಪ್ಪಾ" ಅಂದೆ.

ಬೂದುಗುಂಬಳ ಒಡೆದು, ಎಂಜಿನ್ನಿಗೆ ಕುಂಕುಮ ಹಚ್ಚಿ, ಗಾಲಿಗೆ ಸೇವಂತಿಗೆ ಹಾರ ಹಾಕಲು ಹೋಗಿ ಲೇತ್ ಮೇಸ್ತ್ರಿಯ ಹತ್ತಿರ ಬೈಸಿಕೊಂಡು ಅದನ್ನು ತೆಗೆದು, ಜನ ಸೇರಿದರು. ವಾಕಿಂಗ್ ಗೆಳೆಯರು, ಭಾವಮೈದ, ಅಕ್ಕಪಕ್ಕದ ಶೆಡ್ಡಿನವರು, ನನ್ನ ಹಳೆಯ ವಿಭಾಗದ ಇಬ್ಬರು. ಮೇಸ್ತ್ರಿಯ ತಾಯಿ ಕಡಲೆಪುರಿ ಹಂಚಿಕೊಂಡು ಬಂದವರು ಬಾಗಿಲಲ್ಲೇ ಕೂತರು. ಬ್ಲೋವರ್ ಹಾಕಿ, ಪರೀಕ್ಷೆಯ ನಳಿಗೆಯ ಬಾಯಿಗೆ ಬೆಂಕಿ ತೋರಿಸಿದೆ. ಭಗ್ಗನೆ ಜ್ವಾಲೆ ಎದ್ದಿತು. ಚಪ್ಪಾಳೆ. ಹ್ಯಾಂಡಲ್ ಹೊಡೆದೆವು, ಎಂಜಿನ್ನು ಹಿಡಿಯಿತು, ಗ್ಯಾಸಿನ ವಾಲ್ವು ತಿರುಗಿಸಿದೆ. ಎಂಜಿನ್ನಿನ ಲಯ ಒಂದಿಷ್ಟೂ ತಪ್ಪಲಿಲ್ಲ. ಹಗ್ಗಕ್ಕೆ ತೂಗುಹಾಕಿದ್ದ ಬಲ್ಬುಗಳು ಸ್ಥಿರವಾಗಿ ಉರಿದವು.

ನಾನು ಭಾಷಣಕ್ಕೆ ನಿಂತೆ. ಗೋಡೆಯ ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ವಿವರಿಸಿದೆ. ಹೊಸಹಳ್ಳಿಯ ಕಥೆ ಹೇಳಿದೆ. ಇಷ್ಟು ದಿನ ಕುದುರೆಮುಖದಷ್ಟು ಗಂಭೀರವಾಗಿದ್ದ ನನ್ನ ಹಳೆಯ ಸಹೋದ್ಯೋಗಿಗಳು ತಲೆದೂಗಿದರು. ಅರ್ಧ ಗಂಟೆ ದಾಟಿರಬೇಕು. ಮೇಸ್ತ್ರಿಯ ತಾಯಿ ಎದ್ದು ಬಂದು ಮೆಟ್ಟಿಲ ಮೇಲೆ ನಿಂತು ಗ್ಯಾಸಿಫೈಯರಿನ ಬಾಯೊಳಗೆ ಇಣುಕಿದರು.

"ಏನ್ ಸ್ವಾಮಿ, ಸೌದೆ ಹಾಕಿದ್ದು ಹಾಕ್ದಂಗೇ ಐತಲ್ಲ?"

ಅವರು ಹೊಟ್ಟಿನ ಒಲೆಯಲ್ಲಿ ಮನೆ ತುಂಬ ಜನಕ್ಕೆ ಬೇಯಿಸಿ ಹಾಕಿದವರು ಅಂತ ಆಮೇಲೆ ಗೊತ್ತಾಯಿತು. ಆಗ ನಾನು ಸಮಾಧಾನದ ದನಿಯಲ್ಲಿ, ಇದು ಒಲೆಯಲ್ಲ ಅಮ್ಮ, ಇದರಲ್ಲಿ ಸೌದೆ ನಿಧಾನಕ್ಕೆ ಇಳಿಯುತ್ತೆ, ಅಂತ ತಿಳಿಹೇಳಿದೆ. "ನಿಧಾನಕ್ಕಾದ್ರೂ ಇಳೀಬೇಕಲ್ವಾ? ಉರೀತಿದ್ರೆ ಇಳೀತದೆ" ಅಂದರು ಅವರು, ಜಗಳದ ದನಿಯಲ್ಲಲ್ಲ, ಸಾರಿಗೆ ಉಪ್ಪು ಹಾಕಿದೆಯಾ ಅಂತ ಕೇಳಿದ ಹಾಗೆ. ಅವರ ಮಗ ಏನೂ ಮಾತಾಡದೆ ಗ್ಯಾಸಿನ ಪೈಪಿನ ಮೇಲೆ ಅಂಗೈ ಇಟ್ಟ. ತೆಗೆಯಲಿಲ್ಲ. ಹಾಗೇ ಇಟ್ಟುಕೊಂಡೇ ನನ್ನ ಮುಖ ನೋಡಿ, ಇನ್ನೊಂದು ಕೈಯಿಂದ ಗ್ಯಾಸಿನ ವಾಲ್ವನ್ನು ಪೂರ್ತಿ ಮುಚ್ಚಿದ. ಎಂಜಿನ್ನು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು. ಬಲ್ಬು ಮಿಣುಕಲೂ ಇಲ್ಲ.

ಒಳಗೆ ನಡೆದದ್ದು ಇಷ್ಟು. ಹಸಿ ಸೌದೆಯ ಟಾರು ಮತ್ತು ನೀರು ಸೇರಿ ಹೊಟ್ಟಿನ ಫಿಲ್ಟರನ್ನು ಅಂಟಿನ ಮುದ್ದೆ ಮಾಡಿತ್ತು. ಗ್ಯಾಸು ಬರುವುದು ನಿಂತಿತ್ತು. ಮೇಲಿನ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡು ಕಮಾನು ಕಟ್ಟಿಕೊಂಡು ಕೆಳಗೆ ಬೀಳದೆ ನಿಂತಿದ್ದವು. ಗ್ಯಾಸು ಕಡಿಮೆಯಾದ ಹಾಗೆಲ್ಲ ಗವರ್ನರ್ ಅಷ್ಟಷ್ಟೇ ಡೀಸೆಲ್ ಹೆಚ್ಚಿಸಿ ವೇಗ ಕಾಪಾಡಿತ್ತು. ಕೆಟ್ಟ ಗವರ್ನರ್ ಆಗಿದ್ದರೆ ಎಂಜಿನ್ನು ತಡವರಿಸಿ, ಕೆಮ್ಮಿ, ಐದು ನಿಮಿಷದಲ್ಲಿ ನನಗೆ ಸುದ್ದಿ ಮುಟ್ಟಿಸುತ್ತಿತ್ತು. ನಾನು ಪಟ್ಟುಹಿಡಿದು ಸರಿಮಾಡಿದ್ದ ಆ ಒಂದು ಭಾಗವೇ ನನ್ನ ಸೋಲನ್ನು ಸದ್ದಿಲ್ಲದೆ ಮುಚ್ಚಿಟ್ಟಿತ್ತು. ಎಂಬತ್ತರ ಲೆಕ್ಕ ಹೇಳುತ್ತಿದ್ದ ಅಷ್ಟೂ ಹೊತ್ತು ಎಂಜಿನ್ನು ಓಡಿದ್ದು ಬಂಕಿನಿಂದ ತಂದ ಡೀಸೆಲ್ಲಿನಲ್ಲಿ.

ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬರೂ ನಗಲಿಲ್ಲ. "ಎಂಜಿನ್ ಮಾತ್ರ ಸೂಪರ್ ಆಗಿದೆ ಬಿಡಿ" ಅಂದರು ಒಬ್ಬರು. "ಡೀಸೆಲ್ಲಾದ್ರೇನು, ಓಡ್ತಿದೆಯಲ್ಲ" ಅಂದ ಭಾವಮೈದ. ಹಳೆಯ ವಿಭಾಗದವರಲ್ಲೊಬ್ಬ ಹೊರಡುವಾಗ ಕಿವಿಯ ಹತ್ತಿರ ಬಾಗಿ, "ಕೆಂಪು ಬಣ್ಣ ಇದೆಯಾ?" ಅಂದ. ಅದೊಂದೇ ಪ್ರಾಮಾಣಿಕ ಮಾತು.

ಇಲ್ಲಿಯವರೆಗಿನದನ್ನು ನಾನು ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಹೇಳಿಲ್ಲ.

ಎಲ್ಲರೂ ಹೋದ ಮೇಲೆ ಹುಡುಗನನ್ನು ಕಳಿಸಬೇಕಿತ್ತು. ಹಬ್ಬದ ದಿನ, ಅವನ ಮನೆಯಲ್ಲಿ ಕಾಯುತ್ತಿರುತ್ತಾರೆ. ನಾನು ಬಿಡಲಿಲ್ಲ. ಫಿಲ್ಟರ್ ಬಿಚ್ಚಿ ಹೊಟ್ಟು ಬದಲಾಯಿಸಿದೆವು. ಇವತ್ತೇ ಓಡಿಸಿ, ಮೇಸ್ತ್ರಿಯನ್ನು ಕರೆದು ತೋರಿಸಿಬಿಡಬೇಕು ಅಂತ ನನಗೆ. ಮಳೆ ಜೋರಾಯಿತು, ಎರಚಲು ಒಳಗೆ ಹೊಡೆಯುತ್ತಿತ್ತು. ಷಟರ್ ಎಳೆದುಕೊಂಡೆವು. ಬ್ಲೋವರ್ ಓಡುತ್ತಿತ್ತು, ನಳಿಗೆಯ ಬಾಯಲ್ಲಿ ಜ್ವಾಲೆ ಹತ್ತುತ್ತಿತ್ತು, ಆರುತ್ತಿತ್ತು. ಆರಿದಾಗ ಗ್ಯಾಸು ಹಾಗೇ ಶೆಡ್ಡಿಗೆ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಹುಡುಗ, "ತಲೆ ಸಿಡೀತಿದೆ ಸಾರ್" ಅಂದ. ಬೆಳಗಿಂದ ಏನೂ ತಿಂದಿಲ್ಲ ನೀನು, ಅಂದೆ. ಆಮೇಲೆ ಗೋಡೆಗೆ ಒರಗಿ ಕೂತ. ಎದ್ದೇಳಲು ಹೋದಾಗ ಕಾಲು ನಿಲ್ಲಲಿಲ್ಲ, ವಾಂತಿ ಮಾಡಿಕೊಂಡ. ನನಗೂ ಹಣೆಯಲ್ಲಿ ಭಾರವಿತ್ತು, ಅದನ್ನು ಅವಮಾನದ್ದು ಅಂದುಕೊಂಡಿದ್ದೆ. ಅವನಿಗೆ ಸೋಡಾ ಕುಡಿಸೋಣ ಅಂತ ಷಟರ್ ಎತ್ತಿ ಹೊರಗೆ ಕರೆದುಕೊಂಡು ಬಂದೆ. ಸೋಡಾಕ್ಕೆ ಅಂತ. ಹೊರಗಿನ ಗಾಳಿಗೆ ಅಂತ ಅಲ್ಲ. ಅವನು ಉಳಿದದ್ದು ನನ್ನ ತಿಳಿವಳಿಕೆಯಿಂದಲ್ಲ ಅನ್ನುವುದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಬೇರೆ ರೀತಿ ಹೇಳಲು ಬರುವುದಿಲ್ಲ.

ವಿಜಯನಗರದಲ್ಲಿ ಆ ಹೊತ್ತಿಗೆ ತೆರೆದಿದ್ದ ಆಸ್ಪತ್ರೆಯೊಂದಕ್ಕೆ ಆಟೋದಲ್ಲಿ ಕರೆದುಕೊಂಡು ಹೋದೆ. ಆಮ್ಲಜನಕ ಹಾಕಿದರು. ಡ್ಯೂಟಿ ಡಾಕ್ಟರು, ನನ್ನ ಮಗಳ ವಯಸ್ಸಿನವರು, ನನ್ನ ಕೈಗೆ ಮೆತ್ತಿದ್ದ ಮಸಿ ನೋಡಿ ಏನು ಉರಿಸುತ್ತಿದ್ದಿರಿ, ಎಲ್ಲಿ, ಬಾಗಿಲು ತೆಗೆದಿತ್ತಾ ಅಂತ ಕೇಳಿದರು. ಉತ್ತರ ಹೇಳುತ್ತಾ ಹೇಳುತ್ತಾ ನನಗೆ ಗೋಡೆಯ ಬರಹ ಕಣ್ಣಿಗೆ ಬಂತು. ಕಾರ್ಬನ್ ಮಾನಾಕ್ಸೈಡ್, ನೂರಕ್ಕೆ ಇಪ್ಪತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಹುಡುಗ ಒರಗಿ ಕೂತಿದ್ದು ಸರಿಯಾಗಿ ಅದರ ಕೆಳಗೆ. ನನ್ನದೇ ಕೈಬರಹ. 'ಲಾಭ'.

ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಯುದ್ಧಕಾಲದ ಸ್ವೀಡನ್ನಿನಲ್ಲಿ ಈ ಗ್ಯಾಸಿನ ಗಾಡಿಗಳಿಂದ ವಿಷವೇರಿ ಎಷ್ಟೋ ಜನ ಸತ್ತದ್ದು, ಗ್ಯಾರೇಜಿನೊಳಗೆ ಗಾಡಿ ಹೊತ್ತಿಸಬಾರದು ಅನ್ನುವ ಎಚ್ಚರಿಕೆ, ಎಲ್ಲ ನಾನು ಓದಿದ ಪುಸ್ತಕಗಳಲ್ಲೇ ಇತ್ತು. ಆ ಪುಟಗಳನ್ನು ಬೇಗ ಬೇಗ ತಿರುವಿದ್ದೆ, ಮುಂದಿನ ಅಧ್ಯಾಯದಲ್ಲಿ ಎಂಜಿನ್ನು ಇತ್ತು.

ಹುಡುಗನ ತಾಯಿಗೆ ಅವತ್ತು ರಾತ್ರಿ ಹೇಳಿದ್ದು ಹೊಟ್ಟೆ ಕೆಟ್ಟಿತ್ತು ಅಂತ. ಬೆಳಿಗ್ಗೆ ಹೋಗಿ ನಿಜ ಹೇಳಿದೆ. ಆಕೆ ಬೈಯಲಿಲ್ಲ. ಮಗನನ್ನು ಮತ್ತೆ ಕಳಿಸಲೂ ಇಲ್ಲ.

ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಸಾಮಾನು ಮಾಡಿದವನೇ ಅದನ್ನು ಪಾಸು ಮಾಡುವ ಹಾಗಿಲ್ಲ. ಮಾಡಿದವನು ಅಪ್ರಾಮಾಣಿಕ ಅಂತಲ್ಲ. ತಾನು ಎಲ್ಲಿ ಹೆಚ್ಚು ಶ್ರಮ ಹಾಕಿದ್ದಾನೋ ಅಲ್ಲಿಯೇ ಅವನ ಕಣ್ಣು ಹೋಗುತ್ತದೆ, ಉಳಿದ ಕಡೆ ಹೋಗುವುದಿಲ್ಲ. ಈ ನಿಯಮವನ್ನು ಮೂವತ್ತು ವರ್ಷ ಬೇರೆಯವರಿಗೆ ಓದಿ ಹೇಳಿದವನು ನಾನು. ಆಗೆಲ್ಲ ಮಾಡುವವರ ಮನಸ್ಸು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಎಂಜಿನ್ನನ್ನು ಮುಟ್ಟಿದಷ್ಟು ಪ್ರೀತಿಯಿಂದ ಒಂದು ಸೌದೆ ತುಂಡನ್ನೂ ನಾನು ಮುಟ್ಟಿ ನೋಡಿರಲಿಲ್ಲ. ಗ್ಯಾಸನ್ನು ಕೊಡುವುದು ಬೆಂಕಿ, ಬೆಂಕಿಯ ಬಗ್ಗೆ ಬಲ್ಲವರು ನನ್ನ ಸುತ್ತ ಇದ್ದರು. ಅತ್ತೆ, ಹುಡುಗ, ಮೇಸ್ತ್ರಿಯ ತಾಯಿ. ಮೂವರಿಗೂ ನಾನು ಪಾಠ ಹೇಳಿದ್ದೆ.

ಆಮೇಲೆ ಅದು ಓಡಿತು, ನಿಜ. ಕೆಂಗೇರಿ ಆಚೆ ಭಾವಮೈದನ ತೋಟದಲ್ಲಿ, ನಾಲ್ಕೂ ಕಡೆ ಬಯಲಾದ ಚಪ್ಪರದಡಿ. ಬೇಸಿಗೆಯ ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಸರ್ವೆ ಮತ್ತು ನೀಲಗಿರಿ, ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡ ತುಂಡು. ಡೀಸೆಲ್ಲು ಅರ್ಧಕ್ಕಿಂತ ಹೆಚ್ಚೇ ಉಳಿಯಿತು, ಎಂಬತ್ತು ಮಾತ್ರ ಮುಟ್ಟಲಿಲ್ಲ. ಪ್ರತಿ ಯೂನಿಟ್ಟಿಗೆ ಒಂದು ಕಿಲೋಗಿಂತ ಹೆಚ್ಚು ಒಣಸೌದೆ ಬೇಕು. ಕಡಿದು, ತುಂಡು ಮಾಡಿ, ಹರಡಿ, ಮಳೆ ಬಂದರೆ ಎತ್ತಿಡುವ ಕೆಲಸಕ್ಕೆ ಬರುತ್ತಿದ್ದ ಆಳಿನ ಕೂಲಿ ಉಳಿದ ಡೀಸೆಲ್ಲಿನ ಬೆಲೆಗಿಂತ ಜಾಸ್ತಿಯಾಗುತ್ತಿತ್ತು. ಆಳು ಬರದ ದಿನ ನಾನೇ ಕಡಿದೆ. ಅತ್ತೆ ಹೇಳಿದ ಕ್ಲೀನರಿನ ರಟ್ಟೆ ಆಗ ನೆನಪಾಯಿತು. ಹೊಸಹಳ್ಳಿಯಲ್ಲಿ ವರ್ಷಗಟ್ಟಲೆ ದೀಪ ಉರಿದದ್ದರ ಹಿಂದೆ ಮುಖ್ಯವಾಗಿ ಏನಿತ್ತು ಅನ್ನುವುದು ಆ ಮಸುಕು ಫೋಟೋದ ಮೂಲೆಯಲ್ಲೇ ಇತ್ತು. ಭಾವಮೈದ ಕೊನೆಗೆ ಕರೆಂಟ್ ಮೋಟರ್ ಹಾಕಿಸಿಕೊಂಡ. ಗ್ಯಾಸಿಫೈಯರ್ ಗುಜರಿಗೆ ಹೋಯಿತು, ಎಂಜಿನ್ನನ್ನು ಮಾತ್ರ ನಾನು ಕೊಡಲಿಲ್ಲ.

ಹುಡುಗ ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದಾನೆ. ಮೊನ್ನೆ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿಕೊಂಡು ಮಾತಾಡಿಸಿದ. ಯಾವ ವಿಭಾಗ ಅಂತ ಕೇಳಿದೆ.

"ಕ್ವಾಲಿಟಿ, ಸಾರ್" ಅಂದ. ಹಸಿರು ದೀಪ ಬಂತು. "ನೀವು ಈಗ ಏನ್ ಮಾಡ್ತಿದ್ದೀರಾ?"

ಹಳೇ ವಿಲಿಯರ್ಸ್ ಪಂಪೊಂದು ಸಿಕ್ಕಿದೆ ಅಂದೆ.

"ಎಲ್ಲಿ ಇಟ್ಟಿದ್ದೀರಾ? ಕಿಟಕಿ ಇದೆಯಾ?" ಅಂದ, ಹಿಂದಿನವರು ಹಾರನ್ ಹೊಡೆಯುತ್ತಿದ್ದರೂ ಉತ್ತರಕ್ಕೆ ಕಾದ.